ಕಣ್ಣು ಮುಚ್ಚಿದ ಮಾಸ್ತರರ ಫೋಟೋ

“ದುರ್ಬೀನು ಕದ್ದಾಂವ ಬಂದ. ಕಪಾಟಿಗೆ ಕೀಲಿ ಹಾಕ್ರೆಪಾ,” ಎಂದರು ನಿಜಗುಣಪ್ಪ ಮಾಸ್ತರರು.

ಶಾಲೆಯ ಪಡಸಾಲೆಯಲ್ಲಿ ಐವರು ಶಿಕ್ಷಕರಿದ್ದರು, ಏಳನೆಯ ಇಯತ್ತೆಯ ಹುಡುಗರೆಲ್ಲ ಇದ್ದರು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಚೀಲಕ್ಕೆ ಹಾಕಿದೆ. ಆ ಹೊತ್ತಿನಲ್ಲಿ ಅದು ಕೈಯಲ್ಲಿರುವುದು ಒಳ್ಳೆಯದಲ್ಲ ಅನಿಸಿತು.

ನನ್ನ ಹೆಸರು ಜಟ್ಟೆಪ್ಪ. ಬೈಲಹೊಂಗಲದ ಪೇಟೆಯಲ್ಲಿ ಫೋಟೋಗಳಿಗೆ ಗಾಜು, ಕಟ್ಟು ಹಾಕುತ್ತೇನೆ. ಇದು ನನ್ನೂರಿನದೇ ಶಾಲೆ, ಸವದತ್ತಿ ರಸ್ತೆಯ ಹಳ್ಳಿ. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಅದಕ್ಕೆ ನೂರು ವರ್ಷ ತುಂಬಿತು. ಹಳೆಯ ಫೋಟೋಗಳ ಗಾಜು ಬದಲಿಸಲು ಹೊಸ ಹೆಡ್ ಮಾಸ್ತರ ಬಸಲಿಂಗಪ್ಪನವರು ನನ್ನನ್ನು ಕರೆಸಿದ್ದರು. ಅವರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ.

ನಾನು ಇಲ್ಲಿ ಓದುವಾಗ ಕಪಾಟಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಒಂದು ಹಿತ್ತಾಳೆ ದುರ್ಬೀನು ಇತ್ತು. ತೊರಗಲ್ ಕೋಟೆಯದೆಂದು ಯಾರೋ ಕೊಟ್ಟಿದ್ದರಂತೆ. ಅರವತ್ತೇಳರಲ್ಲಿ ದೊಡ್ಡ ಸಾಹೇಬರೊಬ್ಬರು ಶಾಲೆ ನೋಡಿ ಹೋದ ಮರುದಿನ ಅದು ಕಾಣಲಿಲ್ಲ. ಕಪಾಟು ಒರೆಸುವ ಪಾಳಿ ನನ್ನದು. ಪ್ರಾರ್ಥನೆಗೆ ನಿಂತವರ ಮುಂದೆ ನಿಜಗುಣಪ್ಪ ಮಾಸ್ತರರು ನನ್ನ ಚೀಲ ಬೋರಲು ಹಾಕಿಸಿದರು. ಒಂದು ರೊಟ್ಟಿ ಬಿತ್ತು. ನನ್ನ ಓದು ಆರನೆಯ ಇಯತ್ತೆಗೇ ಮುಗಿಯಿತು.

“ಸುಮ್ಮನ ಗಾಜ ಕೂಡ್ಸೋ ಜಟ್ಟ್ಯಾ,” ಎಂದಳು ಶಾಲೆಗೆ ನೀರು ತರುವ ಲಗಮವ್ವ. “ನಿನ್ನ ಮಾರಿ ನೋಡಿದ್ರ ಅದು ತಾನ ಸೀಳತೈತಿ.”

ಗಾಜು ಬದಲಿಸಲು ಕೈಗೆತ್ತಿಕೊಂಡ ಒಂಬತ್ತನೆಯದು ಆ ಸಾಹೇಬರು ಬಂದ ದಿನದ ಫೋಟೋ.

“ಅದನ್ನ ಆಕಡೆ ಒಗಿ. ಅದರಾಗ ನಾ ಕಣ್ಣ ಮುಚ್ಚೇನಿ,” ಎಂದರು ನಿಜಗುಣಪ್ಪ ಮಾಸ್ತರರು.

ನಾನು ಒಗೆಯಲಿಲ್ಲ. ಹಳೆಯ ಗಾಜು ತೆಗೆದು ಧೂಳು ಝಾಡಿಸಿದೆ. ಶಿಕ್ಷಕರೆಲ್ಲ ಬಂದು ಮುಕುರಿದರು. “ಇಕಾ, ಇಲ್ಲಿ ನಾ ಅದೇನಿ.” “ಆವಾಗ ನನ್ನ ಕೂದಲಾ ನೋಡ್ರಿ.” ಒಬ್ಬೊಬ್ಬರ ಬೆರಳೂ ಅವರವರ ಮುಖದ ಮೇಲೆ. ಅದರಲ್ಲಿ ನಾನಿಲ್ಲ. ಹುಡುಕಲು ನನ್ನ ಮುಖವಿಲ್ಲವಾದ್ದರಿಂದ ಉಳಿದದ್ದನ್ನೆಲ್ಲ ನೋಡಿದೆ.

“ಸಾಹೇಬ್ರ ತೊಡಿ ಮ್ಯಾಲ ಏನೈತ್ರಿ?” ಎಂದು ಕೇಳಿದೆ.

ಬಸಲಿಂಗಪ್ಪನವರು ಕಣ್ಣಿಗೆ ಚಾಳೀಸು ಏರಿಸಿ ಬಗ್ಗಿ ನೋಡಿದರು. “ದುರ್ಬೀನು ಐತಲ್ರಿ. ಮಡಚಿದ ಶಾಲಿನ ಮ್ಯಾಲ ಇಟ್ಟು ಕಾಣಿಕಿ ಕೊಟ್ಟೀರಿ.”

ಬೆರಳುಗಳೆಲ್ಲ ಫೋಟೋದಿಂದ ಹಿಂದೆ ಸರಿದವು. ಆಮೇಲೆ ಹಿರಿಯ ಶಿಕ್ಷಕರೊಬ್ಬರು ಮೆಲ್ಲಗೆ ಹೇಳಿದರು: “ಆವತ್ತ ಕಾಣಿಕಿ ತರೂದ ಮರತಿದ್ವಿ. ಆಗಿನ ಹೆಡ್ ಮಾಸ್ತರರು ಕಪಾಟಿನಾಗಿನ ದುರ್ಬೀನು ತಗದು ಕೊಟ್ಟಿರಬೇಕು. ಮರುದಿನಾನ ವರ್ಗಾ ಆಗಿ ರಾಮದುರ್ಗಕ್ಕ ಹ್ವಾದ್ರು.”

“ನಿಜಗುಣಪ್ಪ ಮಾಸ್ತರಿಗೆ ಹೆಂಗ ಕಾಣಬೇಕು,” ಎಂದಳು ಲಗಮವ್ವ. “ಪಾಪ, ಆವಾಗ ಕಣ್ಣ ಮುಚ್ಚಿದ್ರಲ್ಲ.”

ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

“ಮುಂಜಾನಿ ಅಂದಷ್ಟ ದನೀಲೆ ಈಗೂ ಅನ್ರಿ,” ಎಂದೆ.

ನಿಜಗುಣಪ್ಪ ಮಾಸ್ತರರು ನೆಲ ನೋಡುತ್ತ ಮೆಲ್ಲಗೆ ಅಂದರು: “ಜಟ್ಟೆಪ್ಪ ಕದ್ದಿಲ್ಲ.”

“ಹಿಂದಿನ ಹುಡುಗೂರಿಗೆ ಕೇಳಿಲ್ರಿ,” ಎಂದಳು ಲಗಮವ್ವ.

ಅವರು ಎದ್ದು ನಿಂತು ಮತ್ತೊಮ್ಮೆ ಅಂದರು. ತೊಲೆಯ ಮೇಲಿನ ಪಾರಿವಾಳಗಳು ಹಾರಿದವು.

ಹೊಸ ಗಾಜು ಕೂರಿಸಿ, ಬಾಗಿಲ ಎದುರಿಗೇ ಮೊಳೆ ಹೊಡೆದು ಆ ಫೋಟೋ ತೂಗುಹಾಕಿದೆ. ಮಾಸ್ತರರು ಧೋತರದ ಚುಂಗಿನಿಂದ ಗಾಜು ಒರೆಸಿದರು.

“ಸಿಟ್ಟ ಹೋತಿಲ್ಲೋ ತಮ್ಮಾ? ಶಾಲಿ ನೂರ ವರ್ಷದ ಹಬ್ಬದ ದಿನ ಹೊಸಾ ಫೋಟೋ ತಗಸ್ತೇವಿ. ನನ್ನ ಬಾಜೂಕ ನಿಂದ್ರತೀ?”

ಬಾಯಿ ತೆರೆದರೆ ನಗು ಹೊರಬೀಳುತ್ತಿತ್ತು. ಎಂಟು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಇವರೆದುರು ಅಷ್ಟು ಸಸಾರವಾಗಿ ಬಿಡುವುದೇ? ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.

“ಜಟ್ಟೆಪ್ಪಾ, ಬರ್ತೀಯೋ ಇಲ್ಲೋ?” ಮಾಸ್ತರರು ಕಿಟಕಿಯಿಂದ ಕೂಗುತ್ತಿದ್ದರು.

ತಿರುಗಿ ನೋಡದೆ ಬಸ್ಸಿನ ಕಡೆ ನಡೆದೆ.