ಕಾಗದದ ಮೇಲಿನ ತ್ರಿಕೋನ

"ಈ ಕಪ್ಪು ತ್ರಿಕೋನ ನಿಮ್ಮ ಕಾಗದದಲ್ಲೂ ಉಂಟಲ್ಲ ಪವಿತ್ರಕ್ಕ. ಇದನ್ನ ಎಂತ ಅಂದ್ಕೊಂಡ್ರಿ?" ಎಂದು ಕೇಳಿದ ಆಫೀಸಿನ ಹುಡುಗ ನವೀನ.

ಅಲಂಕಾರ ಅಂದುಕೊಂಡಿದ್ದಳು ಪವಿತ್ರಾ. ಹಾಗೆ ಹೇಳಲು ನಾಚಿಕೆಯಾಯಿತು. ನವೀನ ತನ್ನ ಫೋನಿನಲ್ಲಿ ಮೇಲ್ ಸರ್ವರ್ ಕೈಪಿಡಿಯ ಅದೇ ಪುಟ ತೆಗೆದು ತ್ರಿಕೋನವನ್ನು ಬೆರಳಿನಿಂದ ಒತ್ತಿದ. ಅದುವರೆಗೆ ಮಡಚಿಕೊಂಡಿದ್ದ, ಪ್ರಿಂಟಿನಲ್ಲಿ ಬಾರದ ಕೆಲವು ಸಾಲುಗಳು ಬಿಚ್ಚಿಕೊಂಡವು. ಬಳಕೆ ನಿಂತ ಖಾತೆಗಳ ಪತ್ರಗಳು ಹೊಸ ಜಾಗಕ್ಕೆ ತಾವಾಗಿ ಬರುವುದಿಲ್ಲ, ಹಳೆಯ ಫೋಲ್ಡರನ್ನು ಅಳಿಸುವ ಮೊದಲು ಅವನ್ನು ನೀವೇ ಸಾಗಿಸಬೇಕು ಎಂದಿತ್ತು. ಮೇಲ್‌ಗಳನ್ನೆಲ್ಲ ಹೊಸ ಜಾಗಕ್ಕೆ ಬದಲಿಸಿ ಆ ಫೋಲ್ಡರನ್ನು ಪವಿತ್ರಾ ಭಾನುವಾರವೇ ಅಳಿಸಿಯಾಗಿತ್ತು. ಬ್ಯಾಕಪ್ ಡಿಸ್ಕ್ ಸಿಡಿಲಿಗೆ ಸುಟ್ಟ ಮೇಲೆ ಹೊಸದು ಬಂದಿರಲಿಲ್ಲ.

ಬಳಕೆ ನಿಂತ ಖಾತೆ ಇದ್ದದ್ದು ಒಂದೇ, ಸುಲೋಚನಮ್ಮನದು.

ಪವಿತ್ರಾ ಕೆಲಸ ಮಾಡುವ ಕೊಪ್ಪದ ಜೇನು ಸಾಕಣೆಗಾರರ ಸಂಘವನ್ನು ಕಟ್ಟಿದವರು ಸುಲೋಚನಮ್ಮ, ಸುಮಿತ್ರಮ್ಮ ಎಂಬ ಇಬ್ಬರು ಗೆಳತಿಯರು. ಒಬ್ಬರು ಕಾರ್ಯದರ್ಶಿ, ಇನ್ನೊಬ್ಬರು ಅಧ್ಯಕ್ಷೆ. ಜೇನು ಕೊಳ್ಳುವವರಿಗೆಲ್ಲ ಮೇಲ್ ಬರೆಯುತ್ತಿದ್ದವರು ಸುಲೋಚನಮ್ಮ. ವ್ಯವಹಾರದ ಮಾತು ಕೊನೆಗೆ. ಮೊದಲು ಈಗ ಯಾವ ಮರ ಹೂ ಬಿಟ್ಟಿದೆ, ಹುಳಗಳು ಎತ್ತ ಹೋಗುತ್ತಿವೆ, ಮನೆಯ ಬೆಕ್ಕು ಏನು ಮಾಡಿತು ಎಂಬುದೆಲ್ಲ ಬರಬೇಕು. ಕಳೆದ ವರ್ಷ ಅವರು ತೀರಿಕೊಂಡರು. ಆಮೇಲೆ ಸುಮಿತ್ರಮ್ಮ ಪ್ರತಿ ಗುರುವಾರ ಆಫೀಸಿಗೆ ಬಂದು ಗೆಳತಿಯ ಖಾತೆ ತೆಗೆಸಿ, ಒಂದೆರಡು ಹಳೆಯ ಪತ್ರ ಓದಿ ಹೋಗುತ್ತಿದ್ದರು. ಅಷ್ಟು ಹೊತ್ತು ಆಫೀಸಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮೇಲ್ ಸರ್ವರ್ ಹಾಕಿಕೊಟ್ಟವನು ಬರುವುದನ್ನು ನಿಲ್ಲಿಸಿದಾಗ, ನಾನು ಕಲಿಯುತ್ತೇನೆ ಎಂದು ಮುಂದೆ ಬಂದವಳು ಗುಮಾಸ್ತೆ ಪವಿತ್ರಾ. ಮೊದಲು ಒಂದು ದಪ್ಪ ಪುಸ್ತಕ ತರಿಸಿದಳು. ಅದರಲ್ಲಿದ್ದದ್ದಕ್ಕೂ ಆಫೀಸಿನ ಸಾಫ್ಟ್‌ವೇರಿಗೂ ತಾಳಮೇಳವೇ ಇರಲಿಲ್ಲ. ಹಳೇ ಪಂಚಾಂಗ ಹಿಡಿದು ಈ ವರ್ಷದ ಹಬ್ಬ ಹುಡುಕಿದ ಹಾಗಾಯಿತು. ಕೈಪಿಡಿಯೆಲ್ಲ ನೆಟ್‌ನಲ್ಲೇ ಇದೆ, ನಿತ್ಯ ತಿದ್ದುತ್ತಾರೆ ಎಂದ ನವೀನ. ನಿಜವೇ. ಆದರೆ ನೆಮ್ಮಾರಿನ ಅವಳ ಮನೆಯೊಳಗೆ ಸಿಗ್ನಲ್ ಇಲ್ಲ. ಅಲ್ಲದೆ ಪರದೆಯ ಮೇಲೆ ನೀಲಿ ಅಕ್ಷರದ ಲಿಂಕ್ ಒಂದೊಂದೂ ಒಂದೊಂದು ಕಡೆ ಎಳೆದುಕೊಂಡು ಹೋಗಿ, ಬಂದ ದಾರಿಯೇ ಮರೆತುಹೋಗುತ್ತಿತ್ತು. ಕಾಗದವಾದರೆ ಎಷ್ಟು ಓದಿದೆ, ಎಷ್ಟು ಉಳಿದಿದೆ ಎಂದು ಬೆರಳಿಗೇ ತಿಳಿಯುತ್ತದೆ. ಶೃಂಗೇರಿ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಅಷ್ಟನ್ನೂ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ಬಸ್ಸಿನಲ್ಲೂ ಒಲೆಯ ಮುಂದೆಯೂ ಓದಿದಳು. ಪವಿತ್ರಕ್ಕನ ಪಾರಾಯಣ ಎಂದು ನವೀನ ಗೇಲಿ ಮಾಡುತ್ತಿದ್ದ. ಅವನು ಯಾವ ಪುಟವನ್ನೂ ಪೂರ್ತಿ ಓದಿದವನಲ್ಲ, ನಾನು ಮೊದಲಿಂದ ಕೊನೆವರೆಗೆ ಓದಿದ್ದೇನೆ ಎಂಬ ಜಂಬ ಅವಳಿಗೂ ಇತ್ತು.

"ಸಿಡಿಲಿಗೆ ಹೋಯ್ತು ಅಂದ್ರಾಯ್ತು. ಯಾರು ನೋಡ್ತಾರೆ?" ಎಂದ ನವೀನ ಮೆಲ್ಲಗೆ. ಕೆಟ್ಟ ಹುಡುಗನಲ್ಲ, ಅವಳ ಮುಖ ನೋಡಲಾರದೆ ಹೇಳಿದ್ದು. ಅವಳಿಗೂ ಹಾಗೇ ಹೇಳುವ ಆಸೆಯಾಯಿತು.

ಆದರೆ ಗುರುವಾರ ಸುಮಿತ್ರಮ್ಮ ಕನ್ನಡಕ ಒರೆಸಿಕೊಳ್ಳುತ್ತ ಕುರ್ಚಿ ಎಳೆದಾಗ ಸುಳ್ಳು ಬಾಯಿಗೆ ಬರಲಿಲ್ಲ. ತನ್ನ ಕೈಯಿಂದಲೇ ಅಳಿಸಿಹೋಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಸುಮಿತ್ರಮ್ಮ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೋದ ವಾರ ಒಂದು ಪತ್ರ ಅರ್ಧ ಓದಿ ಎದ್ದಿದ್ದೆ ಮಾರಾಯ್ತಿ," ಎಂದರು. "ಬಸ್ ಬಂತು. ಉಳಿದದ್ದು ಈ ವಾರಕ್ಕೆ ಇರ್ಲಿ ಅಂತ."

ಟೀ ಕುಡಿಯದೆ ಹೊರಟುಹೋದರು. ಮುಂದಿನ ಗುರುವಾರ ಬರಲೂ ಇಲ್ಲ.

ಪವಿತ್ರಾಗೆ ಊಟ ಸೇರಲಿಲ್ಲ. ಕಳಿಸಿದ ಪತ್ರ ಕಳಿಸಿದವರ ಹತ್ತಿರ ಮಾತ್ರ ಇರುವುದಿಲ್ಲವಲ್ಲ ಎಂಬುದು ಅನ್ನ ಕಲಸುತ್ತ ಕೂತಾಗ ಹೊಳೆಯಿತು. ಹಳೆಯ ಗಿರಾಕಿಗಳಿಗೆಲ್ಲ ಬರೆದಳು: ನನ್ನ ತಪ್ಪಿನಿಂದ ಸುಲೋಚನಮ್ಮನ ಪತ್ರಗಳು ಹೋಗಿವೆ, ನಿಮ್ಮಲ್ಲಿದ್ದರೆ ದಯವಿಟ್ಟು ವಾಪಸು ಕಳಿಸಿ. ಹಲವರು ಉತ್ತರಿಸಲಿಲ್ಲ. ಜಾಗ ತುಂಬಿತೆಂದು ಅಳಿಸಿದ್ದೇವೆ ಎಂದರು ಕೆಲವರು. ಜೇನಿಗೆ ಈ ಸಲ ರೇಟ್ ಎಷ್ಟು ಎಂದು ಒಬ್ಬರು ಕೇಳಿದರು.

ಒಂದು ಬೆಳಿಗ್ಗೆ ನರಸಿಂಹರಾಜಪುರದಲ್ಲಿ ಅಂಗಡಿ ಇಟ್ಟಿರುವ ಮಜೀದಾ ಬಸ್ಸಿಳಿದು ನೇರ ಆಫೀಸಿಗೆ ಬಂದಳು. ಚೀಲದಿಂದ ಬಿಲ್ಲು ಚುಚ್ಚುವ ತಂತಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ತಂತಿಯ ತುಂಬ ಹಾಳೆಗಳಿದ್ದವು.

"ಸುಲೋಚನಕ್ಕನ ಮಾತು ಫೋನಲ್ಲಿ ಓದಿದ್ರೆ ಓದಿದ ಹಾಗಾಗ್ತದಾ?" ಎಂದಳು. "ಬಂದಬಂದದ್ದೆಲ್ಲ ಮಗನ ಹತ್ರ ಪ್ರಿಂಟ್ ಹಾಕಿಸ್ತಿದ್ದೆ."

ಪವಿತ್ರಾ ಸುಮಿತ್ರಮ್ಮನಿಗೆ ಹೇಳಿಕಳಿಸಿದಳು. ಅವರು ಬಂದು, ತಂತಿಯಿಂದ ಹಾಳೆಗಳನ್ನು ಬಿಡಿಸಿ, ಅರ್ಧ ಓದಿದ್ದ ಆ ಪತ್ರಕ್ಕಾಗಿ ಮೇಲಿಂದ ಕೆಳಗೆ ಹುಡುಕಿದರು. ಅದು ಇರಲಿಲ್ಲ, ಬೇರೆ ಯಾರಿಗೋ ಬರೆದದ್ದು. ಆಮೇಲೆ ಕೈಗೆ ಸಿಕ್ಕಿದ್ದೊಂದನ್ನು ಬೆಳಕಿಗೆ ಹಿಡಿದು ಮಜೀದಾಗೂ ಕೇಳುವಂತೆ ಓದತೊಡಗಿದರು. ನೇರಳೆ ಹೂ ಮುಗಿಯಿತು, ಹುಳಗಳೆಲ್ಲ ಈಗ ಮತ್ತಿ ಮರದಲ್ಲಿವೆ.

ಪವಿತ್ರಾ ಹಿಂದೆ ನಿಂತು ನೋಡುತ್ತಿದ್ದಳು. ಹಾಳೆಯ ನಡುವೆ ತಂತಿ ಚುಚ್ಚಿದ ತೂತಿನಲ್ಲಿ ಒಂದು ಪದ ಹರಿದುಹೋಗಿತ್ತು. ಸುಮಿತ್ರಮ್ಮ ಆ ಪದವನ್ನೂ ಓದಿಕೊಂಡು ಮುಂದೆ ಹೋದರು.