ಲಾರ್ನ್ ರೇಡಿಯೋದ ಇರ್ಯಾ

ನಮ್ಮ ಪೋರ್ಟ್ ಲಾರ್ನ್ ಊರಿನ ವಾದ್ಯವೃಂದಕ್ಕೆ ಅರವತ್ತು ತುಂಬಿದ ವರ್ಷ, ಕಡಲಿನಷ್ಟು ದೊಡ್ಡ ಈ ಸರೋವರದ ದಡದಲ್ಲಿ ಬಾಳಿದ ನಾಲ್ವರು ಹೆಂಗಸರ ಬದುಕನ್ನು ಸಂಗೀತದಲ್ಲಿ ಹೇಳಬೇಕೆಂದು ತೀರ್ಮಾನವಾಯಿತು. ಬರೀ ಸಂಗೀತವಲ್ಲ. ವೇದಿಕೆಯ ಹಿಂದೆ ಮೂರು ದೊಡ್ಡ ಪರದೆ, ಅವುಗಳ ಮೇಲೆ ಹಳೆಯ ಫೋಟೋ, ಪತ್ರ, ಚಲಿಸುವ ಚಿತ್ರ, ನಡುನಡುವೆ ಆ ಹೆಂಗಸರ ದನಿ. ಯಾರ್ಯಾರು ಅನ್ನುವುದನ್ನು ಊರಿನವರೇ ಚೀಟಿ ಬರೆದು ಆರಿಸಿದರು. ನಾಯಿ ಎಳೆಯುವ ಬಂಡಿಯಲ್ಲಿ ಹಿಮ ದಾಟಿ ಹೆರಿಗೆಗೆ ಹೋಗುತ್ತಿದ್ದ ಡಾಕ್ಟರು ಒಬ್ಬರು. ಇಲ್ಲಿನ ಮೂಲನಿವಾಸಿಗಳಾದ ತಮ್ಮ ಜನರ ಅನಿಶಿನಾಬೆ ನುಡಿಯ ಪದಗಳನ್ನೆಲ್ಲ ಶೂ ಡಬ್ಬಿಗಳಲ್ಲಿ ಕೂಡಿಟ್ಟು ನಿಘಂಟು ಮಾಡಿದ ಟೀಚರು ಒಬ್ಬರು. ಕಾಗದದ ಗಿರಣಿಯಲ್ಲಿ ಹೆಂಗಸರ ಸಂಘ ಕಟ್ಟಿದಾಕೆ ಒಬ್ಬರು. ಈ ಮೂವರೂ ತೀರಿಹೋಗಿದ್ದರು. ನಾಲ್ಕನೆಯವರು ಇರ್ಯಾ ಲೆಪ್ಪಾಲ. ಅವರು ಬದುಕಿದ್ದರು, ತೊಂದರೆಯಾದದ್ದೇ ಅದರಿಂದ.

ಇರ್ಯಾಗೆ ಆಗ ಎಂಬತ್ತಮೂರು. ಇಪ್ಪತ್ತೊಂಬತ್ತು ವರ್ಷ ಗುಡ್ಡದ ಮೇಲಿನ ರೇಡಿಯೋ ಠಾಣೆಯಲ್ಲಿ ಕೂತು ಹಡಗುಗಳೊಡನೆ ಮಾತಾಡಿದವರು. ಗಾಳಿ ಯಾವ ಕಡೆಯಿಂದ, ಮಂಜು ಎಲ್ಲಿದೆ, ಎದುರಿನಿಂದ ಯಾವ ಹಡಗು ಬರುತ್ತಿದೆ ಎಂದು ಹೇಳುವುದು ಅವರ ಕೆಲಸ. ನಾವಿಕರು ಅವರ ಹೆಸರು ಕೇಳಿರಲಿಲ್ಲ, ಮುಖ ನೋಡಿರಲಿಲ್ಲ. ಅವರೆಲ್ಲರಿಗೂ ಇರ್ಯಾ ‘ಲಾರ್ನ್ ರೇಡಿಯೋ’ ಅಷ್ಟೆ.

ನಾನು ಡಾರಿಯಾ, ವಾದ್ಯವೃಂದದ ಗ್ರಂಥಪಾಲಕಿ. ಐವತ್ತೆಂಟು ಜನ ವಾದಕರ ಮುಂದೆ ಸರಿಯಾದ ಸ್ವರಲಿಪಿಯ ಹಾಳೆ ಇರುವಂತೆ ನೋಡಿಕೊಳ್ಳುವವಳು. ಇರ್ಯಾ ನನ್ನ ಹಿಂದಿನ ಬೀದಿಯವರಾದ್ದರಿಂದ, ಸಂಗೀತ ರಚಿಸುತ್ತಿದ್ದ ನಾಡೀನ್ ಒಕಿಮಾಳನ್ನು ಅವರ ಮನೆಗೆ ಕರೆದೊಯ್ಯುವ ಕೆಲಸ ನನಗೆ ಬಿತ್ತು. ನಾಡೀನ್‌ಗೆ ಮೂವತ್ತನಾಲ್ಕು, ಕಣ್ಣು ಚುರುಕು, ಮಾತು ಮೆಲು. ದನಿ ಹಿಡಿಯುವ ಯಂತ್ರವೊಂದನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

ಅಲ್ಲಿಯತನಕ ಪಕ್ಕದ ಮನೆಯ ಬೆಕ್ಕಿನಿಂದ ಹಿಡಿದು ಪ್ರಧಾನಮಂತ್ರಿಯವರೆಗೆ ಎಲ್ಲರ ವಿಷಯವನ್ನೂ ಮಾತಾಡಿದ್ದ ಇರ್ಯಾ ತಟ್ಟನೆ ಕಲ್ಲಾದರು.

“ಎಪ್ಪತ್ತೊಂಬತ್ತರ ಜೂನ್‌ನಲ್ಲಿ ಮೂರು ದಿನ ಮಂಜು ಕವಿದಿತ್ತಲ್ಲ, ಆಗ ಒಂದು ಹಡಗು ಉಳಿಸಿದ್ರಂತೆ,” ನಾಡೀನ್ ಕೇಳಿದಳು.

“ಹೂಂ.”

“ಹೇಗೆ?”

“ಮಾತಾಡಿ.”

“ಏನ್ ಮಾತಾಡಿದ್ರಿ?”

“ಕೆಲ್ಸದ್ ಮಾತು. ಕಾಫಿ ಇನ್ನೊಂಚೂರು ಹಾಕ್ಲಾ?”

ಎರಡು ಗಂಟೆ ಹೀಗೇ ನಡೆಯಿತು. ಠಾಣೆಯ ಹಳೆಯ ಟೇಪುಗಳಾದರೂ ಸಿಕ್ಕಾವೆಂದು ಹುಡುಕಿಸಿದೆವು. ಆ ಕಾಲದಲ್ಲಿ ಒಂದೇ ಟೇಪನ್ನು ತಿಂಗಳು ತಿಂಗಳೂ ಅಳಿಸಿ ಬಳಸುತ್ತಿದ್ದರಂತೆ, ಏನೂ ಉಳಿದಿರಲಿಲ್ಲ. ಕೊನೆಗೆ ನಾಡೀನ್ ಪತ್ರಿಕೆಗಳಲ್ಲಿ ಬಂದದ್ದನ್ನೇ ಓದಿಕೊಂಡು, ಟೊರೊಂಟೋದ ನಟಿಯೊಬ್ಬಳಿಂದ ಇರ್ಯಾರ ಮಾತು ಹೇಳಿಸಿ, ಎಂಟು ತಿಂಗಳು ಕೂತು ಸಂಗೀತ ಬರೆದಳು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಇರ್ಯಾರನ್ನು ತಾಲೀಮಿಗೆ ಕರೆದೆವು. ಕೆಂಪು ಸ್ವೆಟರ್ ಹಾಕಿಕೊಂಡು ಬಂದು ನನ್ನ ಪಕ್ಕ ನಾಲ್ಕನೇ ಸಾಲಿನಲ್ಲಿ ಕೂತರು. ವಾದ್ಯವೃಂದದ ನಿರ್ದೇಶಕ ಸಿಲ್ವಿಯೋ ಪೆದ್ರಾಜಿ ತಾಳ ತೋರಿಸುವ ಕಡ್ಡಿ ಎತ್ತಿದರು. ಪರದೆಗಳ ಮೇಲೆ ಮನೆಯೆತ್ತರದ ಅಲೆಗಳು. ಪಿಟೀಲಿನ ದೊಡ್ಡಣ್ಣನಂಥ ಎಂಟು ಚೆಲ್ಲೋಗಳು ತಗ್ಗು ದನಿಯಲ್ಲಿ ಎಳೆಯುತ್ತಿದ್ದವು. ಅದರ ಮೇಲೆ ಆ ನಟಿಯ ದನಿ, “ಮಂಜಿನಾಚೆಗೆ ಯಾರೂ ಇಲ್ಲವೇ...” ಎಂದು ನಡುಗಿತು.

ಇರ್ಯಾ ನನ್ನ ಕಡೆ ಬಾಗಿ ಕೇಳಿದರು. ಪಿಸುಮಾತು ಎಂದೇ ಅವರು ತಿಳಿದಿರಬೇಕು. ಆದರೆ ಇಪ್ಪತ್ತೊಂಬತ್ತು ವರ್ಷ ಬಿರುಗಾಳಿಯ ಮೇಲೆ ಮಾತಾಡಿದ ಗಂಟಲು ಅದು.

“ಯಾರ್ ಸತ್ರು?”

ಚೆಲ್ಲೋಗಳು ನಿಂತವು. ಸಿಲ್ವಿಯೋ ತಿರುಗಿ ನೋಡಿದರು. ಹಿತ್ತಾಳೆ ವಾದ್ಯದವರ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ನಾಡೀನ್ ನಗಲಿಲ್ಲ. ತನ್ನ ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದು ಹೊರಗೆ ಹೋದಳು.

“ಹೋಗ್ಬಿಟ್ಳಲ್ಲ. ಏನಂದೆ ನಾನು?” ಎಂದರು ಇರ್ಯಾ.

“ಎಂಟು ತಿಂಗಳು ಬರೆದಿದ್ದಾಳೆ, ಇರ್ಯಾ.”

“ಅಯ್ಯೋ, ನನ್ನ ಬಾಯಿಗಿಷ್ಟು,” ಎಂದು ಕೋಲೂರಿಕೊಂಡು ಎದ್ದರು. ನಾನೂ ಹಿಂದೆ ಹೋದೆ.

ನಾಡೀನ್ ಪಡಸಾಲೆಯ ಕಿಟಕಿಯ ಹತ್ತಿರ ನಿಂತಿದ್ದಳು. ಇರ್ಯಾ ಅವಳ ಪಕ್ಕದ ಬೆಂಚಿನ ಮೇಲೆ ಕೂತರು.

“ನೋಡೇ ಹುಡುಗಿ, ನಿನ್ನ ಹಾಡು ಚೆನ್ನಾಗಿದೆ. ನನ್ನ ಸಾವಿಗೆ ಅದನ್ನೇ ಬಾರ್ಸು, ಬೇಡ ಅನ್ನಲ್ಲ. ಆದ್ರೆ ಅವತ್ತು ಹಾಗಿರ್ಲಿಲ್ಲ.”

“ಹೇಗಿತ್ತು ಅಂತ ಎರಡು ಗಂಟೆ ಕೇಳಿದೆನಲ್ಲ,” ಎಂದಳು ನಾಡೀನ್. ದನಿಯಲ್ಲಿ ಸಿಟ್ಟಿತ್ತು.

“ಕೇಳ್ದೆ. ನಾಚ್ಕೆ ಆಯ್ತು, ಹೇಳ್ಲಿಲ್ಲ.”

ಆಮೇಲೆ ಹೇಳಿದರು. ‘ವಿಲೆಟ್ ಗ್ರಾಂಟ್’ ಎಂಬ ಗೋಧಿ ಸಾಗಿಸುವ ಹಡಗು. ಬೆಳಿಗ್ಗೆ ಹತ್ತು ಗಂಟೆ, ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ರಡಾರ್ ಕೆಟ್ಟಿತ್ತು. ಕ್ಯಾಪ್ಟನ್ ಮೆಟ್ಟಿಲಿನಿಂದ ಜಾರಿ ಬಿದ್ದು ಎಚ್ಚರ ತಪ್ಪಿದ್ದರು. ಸುತ್ತ ಎಲ್ಲೋ ಬಂಡೆಯ ದ್ವೀಪಗಳಿದ್ದವು. ಇದ್ದಬದ್ದವರೆಲ್ಲ ಡೆಕ್ಕಿನ ಮೇಲೆ ನಿಂತು, ಬಂಡೆಗೆ ನೀರು ಬಡಿಯುವ ಸದ್ದಿಗೆ ಕಿವಿಗೊಟ್ಟಿದ್ದರು. ರೇಡಿಯೋದ ಮುಂದೆ ಉಳಿದವನು ಕೆಲಸಕ್ಕೆ ಸೇರಿ ಆರು ವಾರವಾಗಿದ್ದ ಒಬ್ಬ ಕಿರಿಯ ಅಧಿಕಾರಿ. ರಡಾರ್ ಸರಿಯಿದ್ದ ಇನ್ನೊಂದು ಹಡಗು ನೆರವಿಗೆ ಹೊರಟಿತ್ತು, ಆದರೆ ತಲುಪಲು ಐದು ಗಂಟೆ ಬೇಕು. ಎರಡು ಹಡಗಿಗೂ ಒಂದರ ಮಾತು ಇನ್ನೊಂದಕ್ಕೆ ಕೇಳದು. ಗುಡ್ಡದ ಮೇಲಿದ್ದ ಇರ್ಯಾಗೆ ಇಬ್ಬರದೂ ಕೇಳುತ್ತಿತ್ತು.

“ಅವ್ನ ದನಿ ಮೇಲೆಮೇಲೆ ಏರ್ತಾ ಇತ್ತು. ಅವ್ನು ಹೇಳೋ ದಿಕ್ಕು, ಆಳದ ಅಂಕಿ ಹಿಡ್ಕೊಂಡೇ ಇನ್ನೊಂದು ಹಡಗು ಅವ್ನನ್ನ ಹುಡುಕ್ಬೇಕು. ಹೆದರ್ದೋನು ತಪ್ಪು ಅಂಕಿ ಹೇಳ್ತಾನೆ, ತಪ್ಪು ಅಂಕಿ ಹೇಳಿದ್ರೆ ಎಲ್ಲಾ ಮುಗೀತು. ಅದಕ್ಕೇ ಹತ್ತು ನಿಮಿಷಕ್ಕೊಂದ್ಸಲ ಅಂಕಿ ಕೇಳ್ತಿದ್ದೆ, ಮಧ್ಯದಲ್ಲಿ ಪುಲ್ಲಾ ಮಾಡೋದು ಹೇಳ್ಕೊಟ್ಟೆ.”

“ಏನು?” ಎಂದಳು ನಾಡೀನ್.

“ಪುಲ್ಲಾ ಕಣೆ. ಏಲಕ್ಕಿ ರೊಟ್ಟಿ. ನಮ್ಮಮ್ಮನದು. ಪೆನ್ಸಿಲ್ ತಗೋ, ಬರ್ಕೋ ಅಂದೆ. ಬರೆಯೋನ ಕೈ ನಡುಗಲ್ಲ. ಸರ್ಕಾರಿ ಚಾನೆಲ್‌ನಲ್ಲಿ, ಐದು ಗಂಟೆ, ಸರೋವರದ ಹಡಗೆಲ್ಲಾ ಕೇಳೋ ಹಾಗೆ. ಮುಂದಿನ ವಾರ ಮೇಲಿನ ಕಚೇರಿಯಿಂದ ಕಾಗದ ಬಂತು. ತುರ್ತು ಚಾನೆಲ್‌ನಲ್ಲಿ ಅಡುಗೆ ಮಾತು ಆಡಿದ್ದಕ್ಕೆ ಎಚ್ಚರಿಕೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಬೈಸ್ಕೊಂಡಿದ್ದು ಅದೊಂದೇ. ಯಾರಿಗೂ ಹೇಳಿಲ್ಲ.”

ನಾಡೀನ್ ಇರ್ಯಾರ ಮುಖವನ್ನೇ ನೋಡಿದಳು. ತುಟಿ ಬಿಗಿಹಿಡಿದಳು. ತಡೆಯಲಾಗದೆ ನಗತೊಡಗಿದಳು. ಎಷ್ಟು ನಕ್ಕಳೆಂದರೆ ಬೆಂಚಿನ ಮೇಲೆ ಕುಸಿದು ಕೂತಳು.

“ಇದನ್ನೇ ಹೇಳ್ಬೇಕು. ಈಗ್ಲೇ ಹೇಳಿ, ದನಿ ಹಿಡೀತೀನಿ.”

“ಆ ಡಬ್ಬಿ ಮುಂದೆ ಆಗಲ್ಲ. ಆ ಕಡೆ ಯಾರೂ ಇರಲ್ವಲ್ಲ, ಯಾರ್ ಜೊತೆ ಮಾತಾಡ್ಲಿ?”

ನಾಡೀನ್ ನಗು ನಿಲ್ಲಿಸಿ ಯೋಚಿಸಿದಳು. “ಆ ಕಡೆ ಬಸೂನ್ ಇದ್ರೆ?”

ಹೀಗೆ ಇರ್ಯಾ ವೇದಿಕೆಯ ಮೇಲೆ ಬರುವುದು ನಿಶ್ಚಯವಾಯಿತು. ಬಸೂನ್ ಅಂದರೆ ಮೂಗಿನಲ್ಲಿ ಮಾತಾಡಿದಂತೆ ನುಡಿಯುವ, ಆಳೆತ್ತರದ ಮರದ ಊದುವಾದ್ಯ, ನಮ್ಮಲ್ಲಿ ಅದನ್ನು ನುಡಿಸುತ್ತಿದ್ದವಳು ಕೊರಿನ್. ಹೆದರಿದ ಅಧಿಕಾರಿಯ ಪಾತ್ರ ಅವಳ ಬಸೂನಿಗೆ ಬಂತು. ನಾಡೀನ್ ನಾಲ್ಕು ದಿನದಲ್ಲಿ ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆದಳು. ಅವಳು ಬರೆಬರೆದು ಕೊಟ್ಟ ಪುಟಗಳನ್ನು ನಾನು ಐವತ್ತೆಂಟು ಜನರಿಗೆ ಹಂಚಿ, ಹಳೆಯದನ್ನು ಕಿತ್ತು, ಹೊಸದನ್ನು ಅಂಟಿಸಿ, ಬೆರಳ ತುದಿಯೆಲ್ಲ ಗೋಂದು ಮಾಡಿಕೊಂಡೆ. ಪರದೆಗಳ ಉಸ್ತುವಾರಿಯ ವೆಸ್ ಒಬ್ಬನೇ ಮುನಿಸಿಕೊಂಡ. ಮಂಜಿನಲ್ಲಿ ಅಲೆ ಏಳುವುದಿಲ್ಲ, ಏನೂ ಕಾಣುವುದಿಲ್ಲ, ಪರದೆ ಬಿಳಿಯಾಗಿರಲಿ ಎಂದು ಇರ್ಯಾ ಹೇಳಿಬಿಟ್ಟಿದ್ದರು.

“ಮೂರು ತಿಂಗಳು ಅಲೆ ಹುಡುಕಿದ್ದೀನಿ. ಈಗ ಬೆಡ್‌ಶೀಟ್ ತೋರಿಸ್ಬೇಕಾ?” ಎಂದು ಅವನು ನನ್ನ ಹತ್ತಿರ ಗೊಣಗಿದ.

ಸಿಲ್ವಿಯೋಗೆ ಬಂದ ಕಷ್ಟ ಬೇರೆ. ಇರ್ಯಾ ಅವರ ಕಡ್ಡಿಯನ್ನು ನೋಡುತ್ತಲೇ ಇರಲಿಲ್ಲ.

“ನಾನು ಕೈ ಇಳಿಸಿದಾಗ ಶುರು ಮಾಡಿ,” ಎಂದರು ಸಿಲ್ವಿಯೋ.

“ನಾನು ಮಾತಾಡ್ತಿರೋದು ಅವಳ ಜೊತೆ. ನಿಮ್ಮ ಕೈ ಯಾಕೆ ನೋಡ್ಲಿ?”

“ಇಲ್ಲಿ ಎಲ್ರೂ ನನ್ನ ಕೈ ನೋಡ್ತಾರೆ, ಇರ್ಯಾ.”

“ಪಾಪ. ರೇಡಿಯೋದಲ್ಲಿ ಹಾಗಿಲ್ಲಪ್ಪಾ. ಗುಂಡಿ ಒತ್ತಿದ್ರೆ ನನ್ನ ಮಾತು. ಬೆರಳು ತೆಗೆದ್ರೆ ಅವರ ಮಾತು. ನಡುವೆ ಬಾಯಿ ಹಾಕೋ ಹಾಗಿಲ್ಲ.”

ಸಿಲ್ವಿಯೋ ಗಲ್ಲ ಕೆರೆದುಕೊಂಡರು. ಮೂವತ್ತು ವರ್ಷದ ಅನುಭವದವರು ಅವರು, ಜಂಬ ಇದ್ದರೂ ಕಿವಿ ಒಳ್ಳೆಯದು. ಮರುದಿನ ತಾವು ನಿಲ್ಲುವ ಪೀಠವನ್ನು ಅರ್ಧ ತಿರುಗಿಸಿಕೊಂಡು, ಅವರಿಗೆಂದು ತಂದಿದ್ದ ರೇಡಿಯೋ ಮೈಕಿನ ಗುಂಡಿಯ ಮೇಲಿದ್ದ ಇರ್ಯಾರ ಹೆಬ್ಬೆರಳನ್ನೇ ನೋಡತೊಡಗಿದರು. ಬೆರಳು ಎದ್ದರೆ ವಾದ್ಯಗಳು ಏಳುತ್ತಿದ್ದವು, ಬೆರಳು ಇಳಿದರೆ ಇಳಿಯುತ್ತಿದ್ದವು. “ಈಗ ಸರಿಯಾಯ್ತು ನೋಡಿ,” ಎಂದು ಇರ್ಯಾ ಅವರ ಬೆನ್ನು ತಟ್ಟಿದರು.

ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡಕ್ಕೆ ಪ್ರದರ್ಶನ. ಒಂಬೈನೂರು ಕುರ್ಚಿಯೂ ತುಂಬಿತ್ತು. ಡಾಕ್ಟರಮ್ಮನ ಭಾಗದಲ್ಲಿ ನಾಯಿಗಳ ಕೊರಳ ಗೆಜ್ಜೆ ಕೇಳಿತು, ಅವರ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹನ್ನೊಂದು ಜನ ಮುದುಕರಾಗಿ ಪರದೆಯ ಮೇಲೆ ಕಂಡರು. ಟೀಚರಮ್ಮನ ಭಾಗದಲ್ಲಿ ಅವರ ಮೊಮ್ಮಕ್ಕಳ ದನಿಯಲ್ಲಿ ಒಂದೊಂದೇ ಪದ ಬಂದು, ಒಂದೊಂದು ಪದಕ್ಕೂ ಒಂದೊಂದು ವಾದ್ಯ ಸೇರಿಕೊಂಡಿತು. ಗಿರಣಿಯಾಕೆಯ ಭಾಗಕ್ಕೆ ಜನ ಕಾಲು ಕುಟ್ಟಿ ತಾಳ ಹಾಕಿದರು.

ಆಮೇಲೆ ಮೂರು ಪರದೆಯೂ ಬಿಳಿಯಾದವು. ಪುಟ್ಟ ಮೇಜು, ಹಳೆಯ ಮೈಕು, ಕೆಂಪು ಸ್ವೆಟರಿನಲ್ಲಿ ಇರ್ಯಾ. ಪಿಟೀಲುಗಳು ಉಸಿರಿನಷ್ಟು ಸಣ್ಣಗೆ ನುಡಿಯುತ್ತಿದ್ದವು. ನಾನು ವೇದಿಕೆಯ ಪಕ್ಕದ ತೆರೆಯ ಮರೆಯಲ್ಲಿ ನಿಂತಿದ್ದೆ.

“ವಿಲೆಟ್ ಗ್ರಾಂಟ್, ವಿಲೆಟ್ ಗ್ರಾಂಟ್, ಇದು ಲಾರ್ನ್ ರೇಡಿಯೋ. ಈಗ ಎಲ್ಲಿದ್ದೀರಿ, ಹೇಳಿ.”

ಬೆರಳು ಎದ್ದಿತು. ಬಸೂನ್ ತಡವರಿಸಿ, ಮೇಲಕ್ಕೆ ಹಾರಿ, ಒಡೆದ ದನಿಯಲ್ಲಿ ಏನೋ ಒದರಿತು. ಜನ ನಕ್ಕರು.

“ಸರಿ. ಭಯ ಆಗುತ್ತೆ, ಆಗ್ಲಿ. ಪೆನ್ಸಿಲ್ ಇದ್ಯಾ? ಬರ್ಕೋ. ಹಾಲು ಉಗುರುಬೆಚ್ಚಗೆ ಮಾಡ್ಕೋ. ಏಲಕ್ಕಿ ಪುಡಿ ಕೊಳ್ಬೇಡ, ಕಾಳು ತಂದು ನೀನೇ ಕುಟ್ಟು.”

ಬಸೂನ್ ಚೂರು ಕೆಳಗಿಳಿದು ಉತ್ತರಿಸಿತು. ಈಸ್ಟು ಹಾಕಿದಾಗ ಕ್ಲಾರಿನೆಟ್‌ಗಳು ಗುಳುಗುಳು ಎಂದವು. ಹಿಟ್ಟು ನಾದುವಾಗ ಚೆಲ್ಲೋಗಳು ಎಡಕ್ಕೂ ಬಲಕ್ಕೂ ಒರಗಿದವು. ಹಿಟ್ಟನ್ನು ಮೂರೆಳೆ ಜಡೆಯಾಗಿ ಹೆಣೆಯುವಾಗ ಮೂರು ರಾಗ ಒಂದರೊಳಗೊಂದು ಸುತ್ತಿಕೊಂಡವು. ನಡುನಡುವೆ ಇರ್ಯಾ ಅಂಕಿ ಕೇಳುತ್ತಿದ್ದರು, ಬಸೂನ್ ಈಗ ನಡುಗದೆ ಹೇಳುತ್ತಿತ್ತು. ಬಿಳಿಯ ಪರದೆಯಲ್ಲಿ ಬೂದುಬಣ್ಣದ ಗೆರೆಯೊಂದು ಮೂಡಿತು, ಅದು ದಪ್ಪವಾಗಿ ಹಡಗಿನ ಮೂತಿಯಾಯಿತು. ವೆಸ್‌ನ ಕೆಲಸ. ಅಷ್ಟು ಚೆನ್ನಾಗಿ ಅವನ ಅಲೆಗಳೂ ಇರಲಿಲ್ಲ.

“ಮೇಲೆ ಮೊಟ್ಟೆ ಸವರು, ಸಕ್ಕರೆ ಉದುರಿಸು. ಅಗೋ, ನಿನ್ನ ಜೊತೆಗಾರ ಬಂದ. ಇನ್ನು ಅವನ ಹಿಂದೆ ಹೋಗು. ಲಾರ್ನ್ ರೇಡಿಯೋ, ಮಾತು ಮುಗೀತು.”

ಬೆರಳು ಎದ್ದಿತು. ಇಲ್ಲಿ ನಾಡೀನ್ ಮೂರು ಎಣಿಕೆಯ ಮೌನ ಬರೆದಿದ್ದಳು, ಅದಾದ ಮೇಲೆ ಎಲ್ಲ ವಾದ್ಯಗಳೂ ಕೂಡಬೇಕು. ಆ ಮೌನದಲ್ಲಿ ಆರನೇ ಸಾಲಿನಿಂದ ಬೋಳುತಲೆಯ ಗಿಡ್ಡ ವ್ಯಕ್ತಿಯೊಬ್ಬರು ಎದ್ದು ನಿಂತರು.

“ಲಾರ್ನ್ ರೇಡಿಯೋ, ಇದು ವಿಲೆಟ್ ಗ್ರಾಂಟ್.”

ಸಿಲ್ವಿಯೋ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಇರ್ಯಾ ಸಭೆಯ ಕತ್ತಲನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಗುಂಡಿ ಒತ್ತಿದರು.

“ಹೇಳಿ, ವಿಲೆಟ್ ಗ್ರಾಂಟ್.”

“ಓವನ್‌ನಲ್ಲಿ ಎಷ್ಟು ಹೊತ್ತು ಇಡ್ಬೇಕು ಅಂತ ನೀವು ಹೇಳ್ಲೇ ಇಲ್ಲ. ಅಷ್ಟರಲ್ಲಿ ಆ ಹಡಗು ಬಂದ್ಬಿಡ್ತು. ನಲವತ್ತೈದು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಓವರ್.”

ಇರ್ಯಾ ಮತ್ತೆ ಗುಂಡಿ ಒತ್ತಿದರು. ದನಿ ನೇರವಾಗಿತ್ತು.

“ಇಪ್ಪತ್ತೈದು ನಿಮಿಷ. ಇಷ್ಟು ವರ್ಷ ನೀನೆಷ್ಟು ಹೊತ್ತು ಇಡ್ತಿದ್ದೆ?”

“ಒಂದು ಗಂಟೆ.”

“ಮಗಾ, ಅದು ರೊಟ್ಟಿ ಅಲ್ಲ, ಇಟ್ಟಿಗೆ.”

ಒಂಬೈನೂರು ಜನ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೊರಿನ್ ಬಸೂನನ್ನು ತೊಡೆಯ ಮೇಲೆ ಮಲಗಿಸಿ ಕಣ್ಣೊರೆಸಿಕೊಂಡಳು. ನಗು ಇಳಿಯುವುದಕ್ಕೆ ಮುಂಚೆಯೇ ಸಿಲ್ವಿಯೋ ಕೈ ಇಳಿಸಿದರು. ಆ ನಗುವಿನ ಮೇಲೆಯೇ ಐವತ್ತೆಂಟು ವಾದ್ಯಗಳು ತುಂಬಿ ಬಂದವು. ನನ್ನ ಪಕ್ಕ ನಿಂತಿದ್ದ ನಾಡೀನ್ ನನ್ನ ತೋಳನ್ನು ಕಂದುವಷ್ಟು ಹಿಡಿದಿದ್ದಳು.

ಅಂದಿನ ಆ ಕಿರಿಯ ಅಧಿಕಾರಿಯ ಹೆಸರು ಡೆಲ್ಬರ್ಟ್ ರೂಕ್. ಪತ್ರಿಕೆಯಲ್ಲಿ ಸುದ್ದಿ ನೋಡಿದ ಮಗಳು ಏಳು ಗಂಟೆ ಕಾರು ಓಡಿಸಿ ಕರೆತಂದಿದ್ದಳು. ಎದ್ದು ನಿಲ್ಲಬೇಕೆಂದು ಬಂದವರಲ್ಲವಂತೆ. “ಅವರು ಮಾತು ಮುಗೀತು ಅಂದಾಗ ಕಾಲು ತಾನಾಗೇ ಎದ್ದುಬಿಡ್ತು,” ಎಂದರು. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ನಿಂತು ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀವು ತುಂಬಾ ಎತ್ತರ ಇದ್ದೀರಿ ಅಂದ್ಕೊಂಡಿದ್ದೆ,” ಎಂದರು ಡೆಲ್ಬರ್ಟ್.

“ನಿಂಗೆ ಗಡ್ಡ ಇದೆ ಅಂದ್ಕೊಂಡಿದ್ದೆ,” ಎಂದರು ಇರ್ಯಾ. ಆಮೇಲೆ ಅವರ ಎರಡು ಕೈಯನ್ನೂ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಭಾನುವಾರ ಇನ್ನೊಂದು ಪ್ರದರ್ಶನ. ಡೆಲ್ಬರ್ಟ್ ಈ ಸಲ ಮೊದಲ ಸಾಲಿನಲ್ಲಿ ಕೂತಿದ್ದರು. ಇರ್ಯಾ ಮೈಕಿನ ಮುಂದೆ ಕೂತು, ಪೆನ್ಸಿಲ್ ತೆಗೆದುಕೊಳ್ಳಲು ಹೇಳಿ, ಮೊದಲ ಸಾಲಿನ ಕಡೆ ನೋಡಿದರು.

“ಮೀನು ಬೇಕು. ದೊಡ್ಡದು, ಮುಳ್ಳು ತೆಗ್ದಿದ್ದು. ಆಲೂಗಡ್ಡೆ ನಾಲ್ಕು.”

ಕೊರಿನ್ ಕಣ್ಣು ಅಗಲಿಸಿ ಸಿಲ್ವಿಯೋರನ್ನು ನೋಡಿದಳು. ಸಿಲ್ವಿಯೋ ಇರ್ಯಾರ ಬೆರಳನ್ನು ನೋಡಿದರು. ಬೆರಳು ಎದ್ದಿತು, ಬಸೂನ್ ಹೇಗೋ ಒದರಿತು, ನಾದಬೇಕಿದ್ದ ಚೆಲ್ಲೋಗಳು ಮೀನಿನ ಸಾರು ಕುದಿಸಿದವು. ಡೆಲ್ಬರ್ಟ್ ಜೇಬಿನಿಂದ ಕಾಗದ ತೆಗೆದು ಬರೆದುಕೊಳ್ಳುತ್ತಿದ್ದರು.

ಮುಗಿದ ಮೇಲೆ ಸಿಲ್ವಿಯೋ ಬೆವರೊರೆಸಿಕೊಳ್ಳುತ್ತ, “ರೊಟ್ಟಿ ಎಲ್ಲಿಗೆ ಹೋಯ್ತು, ಇರ್ಯಾ?” ಎಂದು ಕೇಳಿದರು.

“ಅವನು ಎದುರಿಗೇ ಕೂತಿದ್ದ. ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳಿದ್ರೆ ಏನ್ ಚಂದ?”

ಶರತ್ಕಾಲಕ್ಕೆ ದಡದ ಇನ್ನೂ ಮೂರು ಊರುಗಳಿಂದ ಕರೆ ಬಂತು. ಇರ್ಯಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳಿದರು, ಬೇರೇನೂ ಕೇಳಲಿಲ್ಲ. ಹೊರಡುವ ಮುಂಚೆ ನಾನು ಐವತ್ತೆಂಟು ಜನರ ಹಾಳೆಗಳನ್ನೂ ತೆರೆದು, ಆ ಭಾಗದ ತುದಿಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದೆ: “ಇಲ್ಲಿ ಇರ್ಯಾ ಏನು ಬೇಯಿಸಿದರೆ ಅದು.”