ಎಲ್ಲಿಗೂ ಹೋಗಿಲ್ಲ

ಮಂಗಳೂರಿನವರಿಗೆ ಮಲೇರಿಯಾ ಎಂದರೆ ಹೆದರಿಕೆ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದೆಯಲ್ಲ, ಹಾಗೆಯೇ ಹಿತ್ತಲ ರೋಗ ಇವರಿಗೆ ರೋಗವೇ ಅಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಮಕ್ಕಳೆಷ್ಟು ಎಂದು ಕೇಳುವ ಧಾಟಿಯಲ್ಲೇ ನಿಮಗೆ ಮಲೇರಿಯಾ ಎಷ್ಟು ಸಲ ಬಂದಿದೆ ಎಂದು ಕೇಳುತ್ತಾರೆ. ಒಮ್ಮೆಯೂ ಬಂದಿಲ್ಲ ಎಂದರೆ, ಹಾಗಾದರೆ ನೀವು ಇಲ್ಲಿಯವರಲ್ಲ ಎಂದು ತೀರ್ಮಾನಿಸುತ್ತಾರೆ. ಇಲ್ಲಿ ಬರುವುದರಲ್ಲಿ ಹೆಚ್ಚಿನದು ಸಾಧು ಜಾತಿ. ತಲೆಗೇರುವ ಜಾತಿಯೂ ಒಂದಿದೆ, ಆದರೆ ಅದೂ ಇಲ್ಲಿಯ ಮಾತ್ರೆಗೆ ಬಗ್ಗುತ್ತದೆ. ಹೀಗೆ ಬಗ್ಗಿಸಿ ಬಗ್ಗಿಸಿ ಊರಿಗೆ ಊರೇ ಮೈಮರೆತಿತ್ತು.

ಸಂಚಿತಾ ಮಾತ್ರ ಮೈಮರೆಯುವ ಕೆಲಸದಲ್ಲಿರಲಿಲ್ಲ. ನಗರದ ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳ ಸಂಶೋಧನೆ. ಉತ್ತರ ಉಗಾಂಡದ ಆಸ್ಪತ್ರೆಯೊಂದರಿಂದ ಅವಳಿಗೆ ರಕ್ತ ಬರುತ್ತಿತ್ತು. ಮಸಿ ಹೀರುವ ಕಾಗದದಂಥ ದಪ್ಪ ಕಾಗದದ ಮೇಲೆ ಒಣಗಿದ ಕಂದು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಮಗುವಿನದ್ದು. ಅಲ್ಲಿಯ ತಲೆಗೇರುವ ಮಲೇರಿಯಾ ಹೊಸ ಬುದ್ಧಿ ಕಲಿತಿತ್ತು. ಮದ್ದು ಮೈಗೆ ಇಳಿದೊಡನೆ ರೋಗಾಣು ಸತ್ತ ಹಾಗೆ ಮಲಗುತ್ತದೆ, ಮದ್ದಿನ ಕಾವು ಇಳಿದ ಮೇಲೆ ಎದ್ದು ಕೂರುತ್ತದೆ. ಈ ಬುದ್ಧಿಗೆ ಬೇಕಾದದ್ದು ಅದರ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಆ ಅಕ್ಷರವನ್ನು ಹುಡುಕುವುದೇ ಸಂಚಿತಾಳ ದಿನಚರಿ. ಶಕ್ತಿನಗರದ ಮನೆಯಲ್ಲಿ ಅವಳ ಅಮ್ಮ ನೆಂಟರ ಮುಂದೆ, “ನಮ್ಮವಳಿಗೆ ಆಫ್ರಿಕಾದ ಸೊಳ್ಳೆ ಸಂಬಳ ಕೊಡುವುದು” ಎಂದು ನಗುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಡಾಕ್ಟರ್ ನಿಝಾರ್ ಫೋನ್ ಮಾಡಿದರು. ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಜ್ವರದ ರೋಗಿಗಳನ್ನು ನೋಡುವವರು, ಸುಮ್ಮನೆ ಗಾಬರಿ ಬೀಳುವ ಪೈಕಿ ಅಲ್ಲ.

“ಸಂಚಿತಾ, ಇಲ್ಲೊಂದು ಕೇಸುಂಟು ಮಾರಾಯ್ರೆ. ಇಲ್ಲೇ ಬಿಜೈಯ ಹುಡುಗ, ಮೆಲ್ವಿನ್ ಅಂತ. ಮೊದಲು ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಮಲೇರಿಯಾಕ್ಕೆ ಮಾತ್ರೆ ಕೊಟ್ಟಿದ್ದಾರೆ, ಜ್ವರ ಬಿಟ್ಟಿದೆ. ಈಗ ಪುನಃ ಬಂದು ಪ್ರಜ್ಞೆ ತಪ್ಪಿದೆ. ನಾನು ಇಂಜೆಕ್ಷನ್ ಶುರು ಮಾಡಿದೆ. ಆದರೆ ರಕ್ತದಲ್ಲಿ ರೋಗಾಣು ಇಳಿಯುವುದೇ ಇಲ್ಲ. ನಮ್ಮ ಮಲೇರಿಯಾ ಹೀಗೆ ಮಾಡುವುದಿಲ್ಲ.”

“ಹೊರಗೆ ಎಲ್ಲಿಗಾದ್ರೂ ಹೋಗಿದ್ದನಾ ಡಾಕ್ಟ್ರೆ?”

“ಅದನ್ನೇ ಮೊದಲು ಕೇಳಿದ್ದು. ಎಲ್ಲಿಗೂ ಹೋಗಿಲ್ಲವಂತೆ. ಅಮ್ಮ ಇದ್ದಾರೆ, ಅವರೇ ಹೇಳಿದ್ದು. ರಕ್ತ ಕಳಿಸ್ತೇನೆ, ಒಂದು ಸಲ ನೋಡಿ ಹೇಳಿ. ಬೇರೆ ಮದ್ದು ಸೇರಿಸಬೇಕಾದರೆ ಈಗಲೇ ಸೇರಿಸಬೇಕು. ಅವನ ಹೃದಯ ಅಷ್ಟು ಸರಿ ಇಲ್ಲ, ಕಾರಣ ಇಲ್ಲದೆ ಕ್ವಿನೈನ್ ಹಾಕಲಿಕ್ಕೆ ನನಗೆ ಧೈರ್ಯ ಇಲ್ಲ.”

ಆ ಕಾರಣವನ್ನು ಸಂಚಿತಾ ಕೊಡಬೇಕಿತ್ತು. ಇದ್ದ ಪ್ರಶ್ನೆ ಅಷ್ಟೇ.

ರಕ್ತ ಬಂತು. ಮರುದಿನ ಮಧ್ಯಾಹ್ನ ಯಂತ್ರ ಅಕ್ಷರಗಳನ್ನು ಉದುರಿಸತೊಡಗಿದಾಗ ಅವಳು ಚಹಾದ ಲೋಟ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಓಡುತ್ತಿದ್ದ ಸಾಲು ಅವಳಿಗೆ ಪರಿಚಯದ್ದು. ಆ ಜಾಗ ಬಂತು. ಅಲ್ಲಿ ಇರಬೇಕಾದ ಅಕ್ಷರ ಇರಲಿಲ್ಲ. ಇದ್ದದ್ದು ಉಗಾಂಡದ ಅಕ್ಷರ.

ಅವಳು ಚಹಾದ ಲೋಟ ಕೆಳಗಿಟ್ಟಳು. ಅವಳು ಹೆದರಿದಳು, ಮೆಲ್ವಿನನಿಗಾಗಿ ಅಲ್ಲ, ತನಗಾಗಿ. ಎಲ್ಲಿಗೂ ಹೋಗದ ಬಿಜೈಯ ಹುಡುಗನ ಮೈಯಲ್ಲಿ ಉಗಾಂಡದ ರೋಗಾಣು ಬರುವುದು ಹೇಗೆ? ಬರಲು ಇರುವುದು ಒಂದೇ ದಾರಿ, ತನ್ನದೇ ಫ್ರೀಜರು. ಉಗಾಂಡದ ಮಕ್ಕಳ ರಕ್ತ ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ಅದೇ ಕೈಯಲ್ಲಿ ಓಡಾಡುತ್ತದೆ. ಎಲ್ಲೋ ಒಂದು ಹನಿ ಸಿಡಿದಿದೆ, ಒಂದು ಕಣ ಕೈಗವಸಿಗೆ ಅಂಟಿದೆ, ಬೆರಕೆಯಾಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಜ್ಞಾನಿಗಳ ಕಥೆ ಅದಕ್ಕಿಂತ ಕಷ್ಟ, ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇವರು. ಹಾಗೆ ನೋಡಿಕೊಳ್ಳದವನನ್ನು ಆ ವೃತ್ತಿಯಲ್ಲಿ ಯಾರೂ ನಂಬುವುದಿಲ್ಲ.

ಬೆರಕೆಯನ್ನು ಹಿಡಿಯಲೆಂದೇ ಪ್ರತಿಸಲ ರಕ್ತವಿಲ್ಲದ, ಬರೀ ನೀರಿನ ಒಂದು ಟ್ಯೂಬನ್ನೂ ಓಡಿಸುತ್ತಾರೆ. ಹೊರಗಿನದೇನಾದರೂ ಸೇರಿದ್ದರೆ ನೀರಿನಲ್ಲೂ ಕಾಣಬೇಕು. ಆ ದಿನ ನೀರು ಸ್ವಚ್ಛವಾಗಿತ್ತು. ಸಂಚಿತಾ ನೀರನ್ನೂ ನಂಬಲಿಲ್ಲ.

ನಿಝಾರ್ ಸಂಜೆ ಫೋನ್ ಮಾಡಿದರು. “ಎಂತಾಯ್ತು?”

“ಡಾಕ್ಟ್ರೆ, ಒಂದು ರಿಸಲ್ಟ್ ಬಂದಿದೆ, ಆದರೆ ಅದು ಸರಿ ಇಲ್ಲ. ನನ್ನ ಸ್ಯಾಂಪಲ್ ಬೆರೆತ ಹಾಗೆ ಕಾಣ್ತದೆ. ಅವನು ಎಲ್ಲಿಗೂ ಹೋಗಿಲ್ಲ ಅಂತ ಖಂಡಿತವಾ?”

“ಪುನಃ ಕೇಳಿದೆ ಮಾರಾಯ್ರೆ. ಅಮ್ಮ ಟೀಚರ್ ಆಗಿದ್ದವರು, ಸುಳ್ಳು ಹೇಳುವ ಹೆಂಗಸಲ್ಲ. ಇಲ್ಲ ಅಂತಲೇ ಹೇಳಿದ್ರು.”

“ಹಾಗಾದರೆ ನಾಳೆವರೆಗೆ ಟೈಮ್ ಕೊಡಿ. ಮೊದಲಿನಿಂದ ಮಾಡ್ತೇನೆ.”

ಖಾತ್ರಿಯಾಗದ ಮಾತನ್ನು ರೋಗಿಯ ತಲೆಯ ಮೇಲೆ ಹಾಕಬಾರದು ಎಂದು ಅವಳ ಗುರುಗಳು ಕಲಿಸಿದ್ದರು. ಒಳ್ಳೆಯ ಪಾಠವೇ. ಅವಳು ಮೇಜನ್ನು ಬ್ಲೀಚಿನಿಂದ ಒರೆಸಿದಳು, ರಾಸಾಯನಿಕಗಳ ಹೊಸ ಡಬ್ಬಿ ಒಡೆದಳು, ಆಫ್ರಿಕಾದ ಕಾಗದಗಳು ಯಾವತ್ತೂ ಕಾಲಿಡದ ಪಕ್ಕದ ವಿಭಾಗದ ಕೋಣೆಯನ್ನು ಬೇಡಿ ಪಡೆದಳು. ಮೆಲ್ವಿನನ ರಕ್ತದ ಉಳಿದ ಭಾಗವನ್ನು ಅಲ್ಲಿ ಹೊಸದಾಗಿ ಪರೀಕ್ಷೆಗೆ ಇಟ್ಟಳು. ಅವಳಷ್ಟು ಚೊಕ್ಕವಾಗಿ ಆ ಕೆಲಸವನ್ನು ಯಾರೂ ಮಾಡಲಾರರು. ಆ ಚೊಕ್ಕತನಕ್ಕೆ ಒಂದಿಡೀ ದಿನ ಹಿಡಿಯಿತು. ಆ ದಿನ ಆಸ್ಪತ್ರೆಯ ಐಸಿಯುವಿನಲ್ಲಿ, ಮೆಲ್ವಿನನ ಮೈಯೊಳಗೆ, ಮಲಗಿದ ಹಾಗೆ ನಟಿಸುತ್ತಿದ್ದ ರೋಗಾಣುಗಳು ಒಂದೊಂದಾಗಿ ಎದ್ದು ಕೂರುತ್ತಿದ್ದವು.

ಎರಡನೇ ಸಲವೂ ಅದೇ ಅಕ್ಷರ.

ಈ ಸಲ ಅವಳು ಒಂದು ಹೆಜ್ಜೆ ಮುಂದೆ ಹೋಗಿ ರೋಗಾಣುವಿನ ಉಳಿದ ಗುರುತುಗಳನ್ನೂ ತನ್ನ ಹಳೆಯ ಕಾಗದಗಳ ಜೊತೆ ಹೋಲಿಸಿದಳು. ಬೆರಕೆಯಾಗಿದ್ದರೆ ಯಾವುದಾದರೊಂದು ಮಗುವಿನದಕ್ಕೆ ತಾಳೆಯಾಗಬೇಕಿತ್ತು. ಯಾವುದಕ್ಕೂ ಆಗಲಿಲ್ಲ. ಉಗಾಂಡದ್ದೇ ಕುಲ, ಆದರೆ ಅವಳ ಫ್ರೀಜರಿನದ್ದಲ್ಲ. ಕ್ಲಿನಿಕ್ಕಿನವರು ಕೊಟ್ಟ ಮಾತ್ರೆಯಲ್ಲಿ ಎರಡು ಮದ್ದು ಜೊತೆಯಾಗಿರುತ್ತವೆ, ಆ ಎರಡನೆಯದಕ್ಕೂ ಅದು ಎಂದೋ ಒಗ್ಗಿಹೋಗಿತ್ತು. ಇಲ್ಲಿಯ ಮಲೇರಿಯಾಕ್ಕೆ ಸರಿಯಾದ ಮಾತ್ರೆ, ಅಲ್ಲಿಯದಕ್ಕೆ ಸಕ್ಕರೆ ಪುಡಿ. ಸಂಚಿತಾ ನಿಝಾರರಿಗೆ ಫೋನ್ ಮಾಡಿ, “ಕ್ವಿನೈನ್ ಹಾಕಿ ಡಾಕ್ಟ್ರೆ, ಈಗಲೇ ಹಾಕಿ” ಎಂದಷ್ಟೇ ಹೇಳಿ ಚಪ್ಪಲಿ ಸಿಕ್ಕಿಸಿಕೊಂಡು ಆಸ್ಪತ್ರೆಯ ಕಟ್ಟಡಕ್ಕೆ ಓಡಿದಳು.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ಮೆಲ್ವಿನನ ಅಮ್ಮ ಎಸ್ತೆರ್ ಟೀಚರ್ ಜಪಸರ ಹಿಡಿದು ಕೂತಿದ್ದರು. ಬಿಜೈಯ ಶಾಲೆಯಲ್ಲಿ ಜೀವಮಾನವಿಡೀ ಕನ್ನಡ ಕಲಿಸಿದವರು. ಮನೆಯ ಮಾತು ಕೊಂಕಣಿಯಾದರೂ ಹೊರಗಿನವರ ಜೊತೆ ಅವರದ್ದು ಪಾಠದ ಕನ್ನಡವೇ. ಬಿಳಿ ಕೂದಲು ಬಿಗಿದು ಕಟ್ಟಿದ್ದರು, ಸೀರೆಯ ನೆರಿಗೆ ಒಂದೂ ಕದಲಿರಲಿಲ್ಲ. ಮಗನಿಗಾಗಿ ಕಾಯುವಾಗಲೂ ಶಿಸ್ತು ಬಿಡದ ಹೆಂಗಸು.

“ಟೀಚರ್, ನಾನು ಇಲ್ಲಿಯ ಲ್ಯಾಬಿನವಳು. ಒಂದೇ ಒಂದು ವಿಷಯ. ಮೆಲ್ವಿನ್ ಇತ್ತೀಚೆಗೆ ಹೊರದೇಶಕ್ಕೆ ಹೋಗಿರಲಿಲ್ಲವಾ?”

“ಎಷ್ಟು ಜನ ಎಷ್ಟು ಸಲ ಕೇಳುವುದು ಮಗಳೇ? ಎಲ್ಲಿಗೂ ಹೋಗಿಲ್ಲ. ಊರಿಗೆ ಬಂದ ಮೇಲೆ ಇಲ್ಲೇ ಪಕ್ಕದ ನಂತೂರು ಸಹ ದಾಟಿಲ್ಲ.”



“ಊರಿಗೆ ಬಂದ ಮೇಲೆ ಅಂದ್ರೆ? ಎಲ್ಲಿಂದ ಬಂದದ್ದು?”

“ಉಗಾಂಡದಿಂದ. ಅಲ್ಲಿ ಸಕ್ಕರೆ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಸಾಕು ಅಂತ ಬಿಟ್ಟು ಬಂದ, ಇನ್ನು ನಿಮ್ಮ ಜೊತೆಯೇ ಇರ್ತೇನೆ ಅಂತ.” ಟೀಚರ್ ಕಣ್ಣೆತ್ತಿ ನೋಡಿದರು. ಎದುರಿನವಳ ಮುಖದಲ್ಲಿ ಏನು ಕಂಡರೋ, ಅವರ ದನಿ ಸಣ್ಣದಾಯಿತು. “ಹೋಗಿದ್ದಾನಾ ಅಂತ ಕೇಳಿದ್ರು. ಅವನು ಹೋದದ್ದಲ್ಲವಲ್ಲ. ಬಂದದ್ದು.”

ಕನ್ನಡ ಟೀಚರ್. ಕೇಳಿದ ಪ್ರಶ್ನೆಗೆ ಒಂದಕ್ಷರ ಆಚೀಚೆಯಾಗದಂತೆ ಉತ್ತರ ಕೊಟ್ಟಿದ್ದರು. ಮಗ ಊರಿಗೆ ಬರುವುದನ್ನು ಪ್ರಯಾಣವೆಂದು ಯಾವ ತಾಯಿ ಎಣಿಸುತ್ತಾಳೆ? ಈ ಕರಾವಳಿಯಲ್ಲಿ ಹೋಗುವುದು ಬೇರೆ, ಊರಿಗೆ ಬರುವುದು ಬೇರೆ. ಅದು ನಿಝಾರರಿಗೂ ಗೊತ್ತು, ಸಂಚಿತಾಳಿಗೂ ಗೊತ್ತು. ಅವಳ ಸ್ವಂತ ಮಾವ ಮಸ್ಕತ್ತಿನಿಂದ ಬಂದಾಗೆಲ್ಲ “ಊರಿಗೆ ಬಂದಿದ್ದೇನೆ” ಎಂದು ಫೋನ್ ಮಾಡುತ್ತಿದ್ದರು. ಗೊತ್ತಿದ್ದೂ ಇಬ್ಬರೂ ಹೋಗಿದ್ದಾನಾ ಎಂದೇ ಕೇಳಿದರು, ಒಮ್ಮೆಯೂ ಬಂದನಾ ಎಂದು ಕೇಳಲಿಲ್ಲ.

“ನಾನು ತಪ್ಪು ಹೇಳಿದೆನಾ ಮಗಳೇ?” ಎಂದು ಟೀಚರ್ ಕೇಳಿದರು.

“ಇಲ್ಲ ಟೀಚರ್. ಕೇಳಿದ್ದು ತಪ್ಪು” ಎಂದಳು ಸಂಚಿತಾ. ಪರದೆಯ ಮೇಲೆ ಸತ್ಯ ಬಂದು ನಿಂತಿತ್ತು. ಅದನ್ನು ಅವಳೇ ಕೊಳೆ ಎಂದು ಒರೆಸಿ ಹಾಕಿದ್ದಳು. ಅಷ್ಟನ್ನು ಅವಳು ಟೀಚರಿಗೆ ಹೇಳಲಿಲ್ಲ.

ಕ್ವಿನೈನ್ ಹಾಕಿದರು. ಅದು ಹಳೆಯ ಮದ್ದು, ನಿಯತ್ತಿನ ಮದ್ದು. ಆದರೆ ಅದು ರಕ್ತದಲ್ಲಿರುವುದನ್ನು ಕೊಲ್ಲಬಲ್ಲದು, ಮಿದುಳಿನ ಎಳೆನಾಳಗಳಲ್ಲಿ ಆಗಲೇ ಕಟ್ಟಿಕೊಂಡದ್ದನ್ನು ಬಿಡಿಸಲಾರದು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೆಲ್ವಿನ್ ತೀರಿಹೋದ. ಒಂದು ದಿನ ಮೊದಲು ಹಾಕಿದ್ದರೆ ಉಳಿಯುತ್ತಿದ್ದನೇ ಎಂದು ಸಂಚಿತಾ ಕೇಳಿದಳು. ನಿಝಾರ್ ಬಹಳ ಹೊತ್ತು ಕನ್ನಡಕ ಒರೆಸಿದರು.

“ಕೇಳಬೇಡಿ ಮಾರಾಯ್ರೆ” ಎಂದರು.

ಬಿಜೈ ಇಗರ್ಜಿಯಲ್ಲಿ ಮಣ್ಣಾಯಿತು. ಸಂಚಿತಾ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದಳು. ಟೀಚರ್ ಅವಳ ಕೈ ಹಿಡಿದು, “ನೀವೆಲ್ಲ ತುಂಬ ಕಷ್ಟಪಟ್ಟಿರಿ” ಎಂದರು. ಆ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಪಾಲಿಕೆಯ ಮಲೇರಿಯಾ ವಿಭಾಗಕ್ಕೆ ತಿಳಿಸಿದಳು. ಅವರು ಟೀಚರ ಮನೆಯ ಸುತ್ತ ಹೊಗೆ ಹಾಕಿದರು, ಟ್ಯಾಂಕು ಬಾವಿಗಳಲ್ಲಿ ಇಣುಕಿದರು, ಅಕ್ಕಪಕ್ಕದವರ ಬೆರಳು ಚುಚ್ಚಿದರು. ಏನೂ ಸಿಗಲಿಲ್ಲ. ಜನ ಗೊಣಗಿದರು, ಒಂದು ಮಲೇರಿಯಾಕ್ಕೆ ಇಷ್ಟು ಗದ್ದಲವೇ ಎಂದು.

ಮುಂದಿನ ತಿಂಗಳು ನಿಝಾರ್ ಇನ್ನೊಂದು ರಕ್ತ ಕಳಿಸಿದರು. ಈ ಸಲ ಸಂಚಿತಾ ಬೆರಕೆ ಎನ್ನಲಿಲ್ಲ. ಅಕ್ಷರ ಕಂಡ ಕ್ಷಣವೇ ಮದ್ದು ಬದಲಿಸಲು ಹೇಳಿದಳು. ರೋಗಿ ಉಳಿದ. ಆದರೂ ಅವಳ ಎದೆ ತಣಿಯಲಿಲ್ಲ. ಅದು ಅದೇ ಕುಲದ ರೋಗಾಣು. ಕುಲವಲ್ಲ, ಅದೇ. ಮೆಲ್ವಿನನ ಮೈಯಲ್ಲಿದ್ದದ್ದಕ್ಕೆ ಅಕ್ಷರಕ್ಕೆ ಅಕ್ಷರ ತಾಳೆ.

ರೋಗಿಯ ಹೆಸರು ಲೋಕಯ್ಯ, ಮುದುಕ, ಬಿಜೈಯಲ್ಲಿ ಟೀಚರ ಮನೆಯ ಎದುರಿಗೆ ಟೈಲರಿಂಗ್ ಅಂಗಡಿ. ಜ್ವರ ಬಿಟ್ಟು ಮನೆಗೆ ಬಂದಿದ್ದಾರೆಂದು ತಿಳಿದು ಸಂಚಿತಾ ಅಂಗಡಿಗೆ ಹುಡುಕಿಕೊಂಡು ಹೋದಳು. ಅವಳಿಗೆ ಒಂದು ಸಣ್ಣ ಆಸೆ ಇತ್ತು. ಮುದುಕ ಆಫ್ರಿಕಾಕ್ಕೆ ಹೋಗಿದ್ದೆ ಎನ್ನಲಿ, ಮಗಳ ಮನೆಗೋ ಮೊಮ್ಮಗನ ಮನೆಗೋ, ಹೇಗಾದರೂ ಹೋಗಿ ಬಂದೆ ಎನ್ನಲಿ. ದೇವರೇ, ಹಾಗೆ ಹೇಳಲಿ.

“ಅಣ್ಣೆರೇ, ನೀವು ಹೊರಗೆ ಎಲ್ಲಿಗಾದ್ರೂ ಹೋಗಿದ್ರಾ?”

“ನಾನಾ?” ಲೋಕಯ್ಯ ಹೊಲಿಗೆ ಯಂತ್ರದ ಮೇಲೆ ಕೈ ಇಟ್ಟು ನಕ್ಕರು. “ಹುಟ್ಟಿದ್ದು ಬೋಳಾರ, ಬದುಕಿದ್ದು ಬಿಜೈ. ಅಷ್ಟೇ ನನ್ನ ಫಾರಿನ್.”

“ಬೇರೆ ಊರಿಂದ ಬಂದದ್ದೂ ಅಲ್ಲವಾ? ಎಲ್ಲಿಂದಲೂ ಬರ್ಲಿಲ್ಲವಾ?”

“ಎಲ್ಲಿಂದ ಬರುವುದು ಮಗಾ? ಹೋದರಲ್ಲವಾ ಬರುವುದು?”

ಸಂಚಿತಾ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟಳು. ಸಂಜೆಯಾಗುತ್ತಿತ್ತು, ಬಸ್ ನಿಲ್ದಾಣದ ಕಡೆಯಿಂದ ಹಾರ್ನು ಕೇಳುತ್ತಿತ್ತು. ಎದುರಿನ ಮನೆಯಲ್ಲಿ ಟೀಚರ್ ಇನ್ನೂ ದೀಪ ಹಾಕಿರಲಿಲ್ಲ.

“ಅಲ್ಲೇ ಕೂರ್ತಿದ್ದದ್ದು ಮೆಲ್ವಿನ್” ಎಂದರು ಲೋಕಯ್ಯ. “ಬಂದ ಮೇಲೆ ದಿನಾ ಸಂಜೆ ಬರ್ತಿದ್ದ, ಪಾಪ. ಕತ್ತಲಾದರೂ ಏಳುವುದಿಲ್ಲ. ಸೊಳ್ಳೆ ಉಂಟು ಮಗಾ, ಒಳಗೆ ಕೂರು ಅಂದರೆ ಕೇಳುವುದಿಲ್ಲ. ನಮ್ಮ ಊರಿನ ಸೊಳ್ಳೆ ಅಲ್ವಾ, ಕಚ್ಚಲಿ ಬಿಡಿ ಅಂತಿದ್ದ.”